ತೂಗುಹಾಕಿ ನೋಡಿದವಳು

ಡೋಬೈರ್ ಎಂಬ ಹೆಸರು ಕೇಳಿದರೆ ಯಾರಿಗಾದರೂ ಅದು ಜರ್ಮನಿಯದ್ದೋ ಸ್ವಿಟ್ಜರ್ಲೆಂಡಿನದ್ದೋ ಕಂಪನಿ ಅನ್ನಿಸಬೇಕು, ಅನ್ನಿಸುತ್ತಿತ್ತು ಕೂಡ. ಮಲ್ಲೇಶ್ವರಂ ಸಂಪಿಗೆ ರಸ್ತೆಯ ಅಂಗಡಿಗೆ ಬಂದವರು ಕ್ಯಾಮೆರಾ ಬ್ಯಾಗನ್ನು ಎತ್ತಿ ಹಿಡಿದು, ಆ ಹೆಸರಿನ ಮೇಲೆ ಬೆರಳಾಡಿಸಿ, ಇಂಪೋರ್ಟೆಡ್ಡಾ ಎಂದು ಕೇಳುತ್ತಿದ್ದರು. ಅಂಗಡಿಯವನು ಹೌದೂ ಎನ್ನುತ್ತಿರಲಿಲ್ಲ, ಇಲ್ಲವೆಂದೂ ಹೇಳುತ್ತಿರಲಿಲ್ಲ, ಸುಮ್ಮನೆ ಹಲ್ಲು ಬಿಡುತ್ತಿದ್ದ. ದೊಡ್ಡಬೈರಪ್ಪ ಎಂಬ ಅಪ್ಪಟ ನಮ್ಮೂರ ಹೆಸರನ್ನು ಹಿಂಡಿ, ಜಜ್ಜಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಡೋಬೈರ್ ಆಗುತ್ತದೆ ಎಂದು ಕೊಳ್ಳುವವರಿಗೆ ಯಾರು ಹೇಳಬೇಕು? ಬ್ಯಾಗು ಹುಟ್ಟುತ್ತಿದ್ದದ್ದು ಅಂಗಡಿಯಿಂದ ನಡೆದು ಹೋಗುವಷ್ಟು ದೂರದ ಶ್ರೀರಾಂಪುರದಲ್ಲಿ, ರೈಲು ಹಳಿಗೆ ಬೆನ್ನು ಹಾಕಿ ನಿಂತ ಒಂದು ಶೀಟಿನ ಕಾರ್ಖಾನೆಯಲ್ಲಿ. ಕಾರ್ಖಾನೆಯ ಯಜಮಾನರಾದ ಬೈರಪ್ಪನವರು ಫೋಟೋ ಸಾಮಾನು ಮಾರುತ್ತಿದ್ದ ಮನುಷ್ಯ. ಹೊರದೇಶದ ಬ್ಯಾಗು ತರಿಸಿ ಮಾರಿ ಮಾರಿ ಬೇಸತ್ತು, ಇದನ್ನು ನಮ್ಮ ಹೆಣ್ಣುಮಕ್ಕಳು ಹೊಲಿಯಲಾರರೇ ಎಂದು ನಾಲ್ಕು ಮೆಷಿನ್ ಹಾಕಿಸಿದ್ದರು. ಹೊಲಿದರು. ಚೆನ್ನಾಗಿಯೇ ಹೊಲಿದರು.

ಆ ಕಾರ್ಖಾನೆಯಲ್ಲಿ ಕೊನೆಯ ಮಾತು ವಿಶಾಖಾಳದು. ಶ್ರೀರಾಂಪುರದಲ್ಲೇ ಹುಟ್ಟಿ ಬೆಳೆದವಳು. ತಾಯಿ ಸಿದ್ದಮ್ಮ ಬೌದ್ಧಧರ್ಮಕ್ಕೆ ಸೇರಿದ ಹೊಸದರಲ್ಲಿ ವಿಹಾರದಲ್ಲಿ ಕೇಳಿದ ಹೆಸರನ್ನು ಮಗಳಿಗಿಟ್ಟು, ಬೀದಿಯವರು ಅದನ್ನು ಇಸಾಕ ಎಂದಾಗಲೆಲ್ಲ ತಿದ್ದುತ್ತಿದ್ದರು. ಆ ತಾಯಿ ಬೇಗ ಹೋದರು. ತಮ್ಮ ಪ್ರಸನ್ನನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ವಿಶಾಖಾ. ತನ್ನ ಮದುವೆಯ ವಿಷಯ ಬಂದಾಗ ಇರಲಿ ನೋಡೋಣ ಎಂದಳು. ನೋಡುವುದರೊಳಗೆ ತಲೆ ಹಣ್ಣಾಯಿತು.

ಕಾರ್ಖಾನೆಯಲ್ಲಿ ಅವಳದ್ದೇ ಒಂದು ಕ್ರಮವಿತ್ತು. ಹೊಲಿದು ಮುಗಿದ ಪ್ರತಿಯೊಂದು ಬ್ಯಾಗಿನ ಒಳಗೆ ಮರಳಿನ ಚೀಲ ಇಟ್ಟು, ಮೇಲೆ ಬೀದಿಯ ಮನೆಗಳಿಂದ ತಂದ ಒಂದು ಗುಂಡುಕಲ್ಲನ್ನು ಹೇರಿ, ಭುಜದ ಪಟ್ಟಿಯಿಂದ ಕಬ್ಬಿಣದ ತೊಲೆಗೆ ತೂಗುಹಾಕುತ್ತಿದ್ದಳು. ಗ್ರೈಂಡರ್ ಬಂದ ಮೇಲೆ ಆ ರುಬ್ಬುವ ಕಲ್ಲುಗಳಿಗೆ ಮನೆಗಳಲ್ಲಿ ಬೇರೆ ಕೆಲಸವಿರಲಿಲ್ಲ. ಬೆಳಗಾಗುವ ತನಕ ಬ್ಯಾಗು ಹಾಗೇ ನೇತಾಡಬೇಕು. ಜೊತೆಯ ಹುಡುಗಿಯರು ಇದನ್ನು ಗಲ್ಲಿಗೇರಿಸೋದು ಎಂದು ಆಡಿಕೊಂಡು ನಗುತ್ತಿದ್ದರು. ಬೆಳಿಗ್ಗೆ ಅದನ್ನು ಇಳಿಸಿ, ಒಳಗಿನ ಲೈನಿಂಗ್ ಮಗುಚಿ, ಪಟ್ಟಿ ಬಂದು ಸೇರುವ ಬುಡದಲ್ಲಿ ಹೊಲಿಗೆಯನ್ನು ಹೆಬ್ಬೆರಳಲ್ಲಿ ತಡವಿ ನೋಡುತ್ತಿದ್ದಳು. ಅಲ್ಲಿ ಚೌಕನೆಯ ಹೊಲಿಗೆ, ಚೌಕದೊಳಗೆ ಅಡ್ಡಡ್ಡ ಎರಡು ಗೆರೆ, ಎಲ್ಲವೂ ಜೋಡಿ ದಾರದಲ್ಲಿ ಇರಬೇಕು. ಒಂದೆಳೆ ಸಡಿಲಾಗಿದ್ದರೂ ಬ್ಯಾಗು ವಾಪಸ್ ಮೆಷಿನ್ನಿಗೆ ಹೋಗುತ್ತಿತ್ತು. ಸರಿಯಿದ್ದರೆ ಒಂದು ಚೀಟಿಯ ಮೇಲೆ ಬಾಲ್ ಪೆನ್ನಿನಲ್ಲಿ, ‘ತೂಗುಹಾಕಿ ನೋಡಿದೆ, ವಿಶಾಖಾ’ ಎಂದು ಕನ್ನಡದಲ್ಲಿ ಬರೆದು ಒಳಜೇಬಿಗೆ ಹಾಕುತ್ತಿದ್ದಳು.

ಜರ್ಮನಿಯ ಹೆಸರು, ಕನ್ನಡದ ಚೀಟಿ. ಬೈರಪ್ಪನವರಿಗೆ ಮೊದಮೊದಲು ಅದು ಮುಜುಗರವಾಗಿ, ಬೇಡ ಕಣಮ್ಮ ಎಂದಿದ್ದುಂಟು. ಆದರೆ ಕಲ್ಯಾಣಮಂಟಪಗಳಲ್ಲಿ ಫೋಟೋ ತೆಗೆಯುವ ಹುಡುಗರು ಅಂಗಡಿಗೆ ಬಂದು, ಹೆಸರು ಬಿಡಿ ಸಾರ್, ವಿಶಾಖಕ್ಕನ ಚೀಟಿ ಇದೆಯಾ ನೋಡಿ ಎಂದು ಕೇಳತೊಡಗಿದ ಮೇಲೆ ಅವರೂ ಬಾಯಿ ಮುಚ್ಚಿಕೊಂಡರು. ಚೀಟಿಗೆ ಅಷ್ಟು ಮರ್ಯಾದೆ ಬಂತು. ವಿಶಾಖಾ ಮಾತ್ರ ಆ ಹುಡುಗರನ್ನೂ ಬೈಯುತ್ತಿದ್ದಳು. ಹೆಸರು ನೋಡ್ತೀರಿ, ಚೀಟಿ ನೋಡ್ತೀರಿ, ಹೊಲಿಗೆ ನೋಡೋಕೆ ನಿಮಗೇನು ರೋಗ ಅನ್ನುತ್ತಿದ್ದಳು. ಬೈದರೂ ಒಳಗೊಳಗೆ ಹಿಗ್ಗುತ್ತಿದ್ದಳು. ಯಾಕೆ ಹಿಗ್ಗಬಾರದು? ಜೀವನದಲ್ಲಿ ಅವಳಿಗೆಂದು ಇದ್ದದ್ದು ಎರಡೇ, ಒಂದು ಚೀಟಿಯ ಮೇಲಿನ ಆ ಮಾತಿನ ಬೆಲೆ, ಇನ್ನೊಂದು ತಮ್ಮ.

ಆ ತಮ್ಮ ಫೋಟೋಗ್ರಾಫರನೇ ಆದ. ಮದುವೆ, ನಾಮಕರಣ, ಕಾಲೇಜಿನ ಸಮಾರಂಭ, ಕರೆದಲ್ಲಿಗೆ ಹೋಗುತ್ತಿದ್ದ. ಅಕ್ಕ ಹೇಳಿದ್ದು ಅವನಿಗೆ ವೇದವಾಕ್ಯ. ಯಾವ ಕೆಲಸ ಹಿಡಿಯಬೇಕು, ಯಾರನ್ನು ನಂಬಬಾರದು ಎಲ್ಲಕ್ಕೂ ಅಕ್ಕನನ್ನೇ ಕೇಳುತ್ತಿದ್ದ. ಬಿಂದುವನ್ನು ಮದುವೆಯಾಗುವ ಮೊದಲು ಅಕ್ಕನಿಗೆ ತೋರಿಸಿ, ಅಕ್ಕ ಹೂಂ ಎಂದ ಮೇಲೆಯೇ ಅವಳ ಮನೆಗೆ ಮಾತಾಡಲು ಹೋದದ್ದು. ನಾನೇನು ಬ್ಯಾಗಾ, ಒಪ್ಪಿಗೆ ಕೊಡೋಕೆ ಎಂದು ಬಿಂದು ಈಗಲೂ ಛೇಡಿಸುವುದುಂಟು. ಈಗಲೂ ಅಂದೆ ನೋಡಿ, ತಪ್ಪಾಯಿತು. ಈಗ ಆ ಮನೆಯಲ್ಲಿ ಯಾರೂ ಯಾರನ್ನೂ ಛೇಡಿಸುವುದಿಲ್ಲ.

ಬೈರಪ್ಪನವರಿಗೆ ಮಂಡಿ ನೋವು ಬಂತು, ಮಗಳು ಯಶಶ್ರೀ ನನಗೆ ಬ್ಯಾಗೂ ಬೇಡ ಗೀಗೂ ಬೇಡ ಎಂದಳು. ಉತ್ತರದ ಕಡೆಯ ಒಂದು ಕಂಪನಿಗೆ ಅವರು ಹೆಸರು, ಮೊಹರು, ಶೀಟಿನ ಕಾರ್ಖಾನೆ ಎಲ್ಲ ಸೇರಿಸಿ ಮಾರಿಬಿಟ್ಟರು. ಕೊಂಡವರು ಮೊದಲು ಮಾಡಿದ ಕೆಲಸ ಎಂದರೆ ಮೆಷಿನ್ನುಗಳನ್ನು ಟೆಂಪೋಗೆ ಹೇರಿಸಿದ್ದು. ಹೊಲಿಯುವ ಹುಡುಗಿಯರಿಗೆ ಬೇರೆ ಕಡೆ ನೋಡಿಕೊಳ್ಳಿ ಎಂದರು. ಒಂದು ಮೆಷಿನ್ನು ಉಳಿಯಿತು, ಅದರ ಮುಂದೆ ವಿಶಾಖಾ ಉಳಿದಳು. ಹೊಸ ಮ್ಯಾನೇಜರ್ ಮಂಜುನಾಥ್ ಎಂಬವನು. ಅವನ ಬಾಯಲ್ಲಿ ಬೆಣ್ಣೆ. ಅಕ್ಕಾ, ನೀವು ಹೋದ್ರೆ ಈ ಜಾಗಕ್ಕೆ ಕಳೆ ಎಲ್ಲಿ ಎಂದು ನಿಲ್ಲಿಸಿಕೊಂಡ. ಐವತ್ತರ ಹತ್ತಿರ ಬಂದವಳಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ, ಅವಳೂ ನಿಂತಳು.

ಈಗ ಬ್ಯಾಗುಗಳು ಹೊರದೇಶದಲ್ಲೇ ಹೊಲಿದು ಮುಗಿದು, ಹಡಗಿನಲ್ಲಿ ಬಂದು, ಲಾರಿ ಹತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿಕೊಂಡು ಬರುತ್ತಿದ್ದವು. ಬಣ್ಣ ಅದೇ, ಆಕಾರ ಅದೇ, ಬೈರಪ್ಪನವರ ಕಾಲದ ಮಾದರಿಯನ್ನೇ ಕದಿಯದೆ ಕದ್ದಿದ್ದರು. ಅವಳ ಕೆಲಸ ಮುಚ್ಚಳದ ಮೇಲೆ ಹೆಸರಿನ ಲೇಬಲ್ ಹೊಲಿಯುವುದು, ಅಷ್ಟೇ. ಒಂದೇ ರಾಶಿಯ ಬ್ಯಾಗು. ಕೆಲವಕ್ಕೆ ಡೋಬೈರ್, ಕೆಲವಕ್ಕೆ ಆ ಕಂಪನಿಯದೇ ಬೇರೆ ಮೂರು ಹೆಸರು. ಒಂದು ಹೆಸರಿನದು ಅಗ್ಗ, ಇನ್ನೊಂದು ಹೆಸರಿನದು ಅದರ ಮೂರು ಪಟ್ಟು. ಜನ ಅಂಗಡಿಯಲ್ಲಿ ನಿಂತು ಆ ನಾಲ್ಕನ್ನೂ ಅಕ್ಕಪಕ್ಕ ಇಟ್ಟು, ಇದು ಗಟ್ಟಿ, ಅದು ಟೊಳ್ಳು ಎಂದು ವಾದ ಮಾಡುತ್ತಾರಂತೆ. ಕೇಳಿ ವಿಶಾಖಾ ನಗಲೂ ಆಗದೆ ಅಳಲೂ ಆಗದೆ ಕೂತಿದ್ದಳು. ಅವಳು ಲೇಬಲ್ ಹೊಲಿದು ಈಚೆಗಿಟ್ಟರೆ ಮುಂದಿನ ಕೋಣೆಯಲ್ಲಿ ಬೇರೆಯವರು ಪ್ಯಾಕ್ ಮಾಡುತ್ತಿದ್ದರು. ಒಳಗೆ ಏನಿದೆ ಎಂದು ಅವಳು ಬಿಚ್ಚಿ ನೋಡುವ ಹಾಗಿರಲಿಲ್ಲ.

ತೂಗುಹಾಕುವುದೂ ನಿಂತಿತು. ಹೊಸ ಮಾಲು ಮುಟ್ಟುವ ಹಾಗಿಲ್ಲ ಎಂದರು. ಹಳೆಯ ಮಾಲು ಒಳಕೋಣೆಯಲ್ಲಿ ಒಂದಿಷ್ಟು ಬಿದ್ದಿತ್ತು. ಅದನ್ನು ಅವಳು ಹಠ ಹಿಡಿದು ಒಂದೊಂದಾಗಿ ಗಲ್ಲಿಗೇರಿಸಿ, ಚೀಟಿ ಬರೆದು ಇಟ್ಟಳು. ಆ ಮಧ್ಯೆ ಮಂಜುನಾಥ್ ಒಂದು ಬಿಳಿ ಹಾಳೆ ತಂದು, ಅಕ್ಕಾ, ಆಫೀಸ್ ಫೈಲಿಗೆ ಬೇಕು, ನೀವು ಚೀಟಿ ಬರೆಯೋ ಹಾಗೇ ಒಂದು ಸಲ ದೊಡ್ಡದಾಗಿ ಬರೆದುಕೊಡಿ ಎಂದ. ಅವಳು ಯಾಕೆ ಏನು ಎಂದು ಕೇಳದೆ ಬರೆದುಕೊಟ್ಟಳು. ತನ್ನ ಅಕ್ಷರ ಚೆನ್ನಾಗಿದೆ ಎಂದು ಯಾರೋ ಕೇಳುತ್ತಿದ್ದಾರಲ್ಲ ಎಂಬ ಸಣ್ಣ ಸಂತೋಷವೂ ಆಯಿತು ಅವಳಿಗೆ, ಪಾಪ.

ಅಕ್ಕ ತೂಗುಹಾಕಿ ನೋಡಿ ಕೊಟ್ಟಿದ್ದ ಪ್ರಸನ್ನನ ಬ್ಯಾಗು ಹಳತಾಗಿತ್ತು. ಹೊಲಿಗೆಗೇನೂ ಆಗಿರಲಿಲ್ಲ, ಜಿಪ್ಪಿನ ಹಲ್ಲು ಸವೆದು ಬಾಯಿ ಮುಚ್ಚುತ್ತಿರಲಿಲ್ಲ. ಮಳೆಗೆ ಲೆನ್ಸ್ ಹಾಳಾಗುತ್ತದೆ ಎಂದು ಅವನು ಯಾವುದೋ ಹೊರದೇಶದ ಬ್ಯಾಗು ನೋಡಿಟ್ಟುಕೊಂಡಿದ್ದ. ವಿಶಾಖಾ ಬೇಡವೆಂದಳು. ಅದನ್ನು ಯಾರು ಹೊಲಿದರೋ, ಯಾರ ಕೈಯಿಂದ ಯಾರ ಕೈಗೆ ಮಾರಿಹೋದ ಹೆಸರೋ, ನಾನೇ ಹಳೇ ಮಾಲಿನಲ್ಲಿ ಒಂದು ತಂದುಕೊಡ್ತೀನಿ ಎಂದಳು. ತಾನು ಬದುಕಿರುವಾಗ ತಮ್ಮ ಹೊರಗಿನ ಬ್ಯಾಗು ಹೊರುವುದೇ!

ಮರುದಿನ ಮಧ್ಯಾಹ್ನ ಒಳಕೋಣೆಗೆ ಹೋದರೆ ಅವಳು ಇಟ್ಟಿದ್ದ ಮಾಲೆಲ್ಲ ಮಾರಾಟಕ್ಕೆ ಹೋಗಿ ಖಾಲಿಯಾಗಿತ್ತು. ಹಲಗೆಯ ಹಿಂದಿನ ಸಾಲಿನಲ್ಲಿ ಒಂದೇ ಒಂದು ಉಳಿದಿತ್ತು. ಜಿಪ್ಪು ಎಳೆದು ಒಳಜೇಬಿಗೆ ಕೈ ಹಾಕಿದಳು. ಚೀಟಿ ಸಿಕ್ಕಿತು. ಅವಳದೇ ಅಕ್ಷರ, ಅವಳದೇ ಹೆಸರು. ಹೊರಗಿಂದ ಮಂಜುನಾಥ್ ಲಾರಿ ಬಂತು ಎಂದು ಕೂಗುತ್ತಿದ್ದ. ಈ ಬ್ಯಾಗನ್ನು ತೂಗುಹಾಕಿದ ನೆನಪು ಅವಳಿಗೆ ಇರಲಿಲ್ಲ. ಆದರೆ ಎಷ್ಟೆಂದು ನೆನಪಿಟ್ಟುಕೊಳ್ಳುವುದು? ಚೀಟಿಯಿದೆಯಲ್ಲ, ಅಂದಮೇಲೆ ನೋಡಿರುತ್ತೇನೆ ಎಂದುಕೊಂಡಳು. ಅವನಿಗೆ ಕೊಡುವಾಗ, ನಾನೇ ತೂಗುಹಾಕಿದ್ದು ಕಣೋ, ಕಣ್ಣು ಮುಚ್ಕೊಂಡು ಹೊರು ಎಂದಳು.

ಆಷಾಢ ಮುಗಿದು ಮದುವೆಗಳು ಶುರುವಾಗಿದ್ದವು. ಮುಹೂರ್ತಕ್ಕೆ ಮುಂಚೆ ತಲುಪಬೇಕೆಂದು ಪ್ರಸನ್ನ ಸ್ಕೂಟರಿನಲ್ಲಿ ಸಂಪಿಗೆ ರಸ್ತೆಯಲ್ಲಿ ಹೋಗುತ್ತಿದ್ದ. ಬ್ಯಾಗು ಭುಜದಿಂದ ಬೆನ್ನಿನ ಪಕ್ಕಕ್ಕೆ ಇಳಿಬಿದ್ದಿತ್ತು. ಪಟ್ಟಿಯ ಒಂದು ಬುಡ ಕಿತ್ತು ಬಂತು. ಬ್ಯಾಗು ಕೆಳಗೆ ಬಿತ್ತು, ಪಟ್ಟಿ ಹಿಂದಿನ ಚಕ್ರಕ್ಕೆ ಸುತ್ತಿಕೊಂಡು ಅವನನ್ನೂ ಸ್ಕೂಟರನ್ನೂ ಸೇರಿಸಿ ನೆಲಕ್ಕೆ ಕೆಡವಿತು. ಹಿಂದೆ ತರಕಾರಿ ತುಂಬಿದ ಲಗೇಜ್ ಆಟೋ ಬರುತ್ತಿತ್ತು. ಅದರ ಚಾಲಕ ಬ್ರೇಕ್ ಹಾಕಿದ, ಹಾಕಲಿಲ್ಲವೆಂದು ಯಾರೂ ಹೇಳಲಾರರು. ಚಕ್ರ ಮಾತ್ರ ಪ್ರಸನ್ನನ ಬಲಗೈ ಮೇಲೆ ಬಂದು ನಿಂತಿತು. ಅದೇ ಆಟೋದವನು ಸೊಪ್ಪಿನ ಮೂಟೆಗಳ ನಡುವೆ ಅವನನ್ನು ಮಲಗಿಸಿಕೊಂಡು ಶೇಷಾದ್ರಿಪುರದ ಆಸ್ಪತ್ರೆಗೆ ಓಡಿದ.

ಜೀವ ಉಳಿಯಿತು. ಹೆಬ್ಬೆರಳೂ ಕಿರುಬೆರಳೂ ಉಳಿದವು. ತೋರುಬೆರಳು ಮತ್ತು ಅದರ ಪಕ್ಕದವೆರಡೂ ಹೋದವು. ಎಡಗೈಯಲ್ಲಿ ಮಾಡಿದರಾಯ್ತು ಬಿಡಿ ಎಂದು ನೋಡಲು ಬಂದವರೆಲ್ಲ ಧೈರ್ಯ ಹೇಳಿದರು. ಹೇಳುವವರಿಗೇನು! ಕ್ಯಾಮೆರಾ ಮಾಡುವವರು ಫೋಟೋ ಒತ್ತುವ ಗುಂಡಿಯನ್ನು ಬಲಗಡೆಗೇ ಇಟ್ಟಿರುತ್ತಾರೆ, ಬಲಗೈಯ ತೋರುಬೆರಳು ಬಂದು ಕೂರುವ ಜಾಗಕ್ಕೆ. ಎಡಗೈಯವರಿಗೆಂದು ಅಂಗಡಿಯಲ್ಲಿ ಬೇರೆ ಕ್ಯಾಮೆರಾ ಸಿಗುವುದಿಲ್ಲ. ಪ್ರಸನ್ನನಿಗೆ ಇದು ಗೊತ್ತು, ಬಂದವರಿಗೆ ಗೊತ್ತಿಲ್ಲ. ಅವನು ತಲೆಯಾಡಿಸಿದ.

ಪಟ್ಟಿ ಕಿತ್ತದ್ದಕ್ಕೆ ಅವನು ಬ್ಯಾಗನ್ನು ಒಂದು ಮಾತೂ ಅನ್ನಲಿಲ್ಲ. ಅನ್ನಿಸಿಕೊಂಡವನು ತಾನೇ. ಎರಡು ಕ್ಯಾಮೆರಾ, ಫ್ಲ್ಯಾಶು, ಬ್ಯಾಟರಿ ಎಲ್ಲ ಒಂದಕ್ಕೇ ತುರುಕಬೇಡಿ ಅಂತ ಬಡ್ಕೊಂಡೆ ಎಂದು ಬಿಂದು ಅಳುತ್ತ ಬೈದರೆ, ಹೂಂ ಎನ್ನುತ್ತಿದ್ದ. ಅಕ್ಕ ತೂಗುಹಾಕಿದ ಬ್ಯಾಗು ಕೀಳಬೇಕಾದರೆ ನಾನು ಎಷ್ಟು ಕತ್ತೆಭಾರ ಹೇರಿರಬೇಕು ನೋಡು ಎಂದು ಬಂದವರಿಗೆಲ್ಲ ಅವನೇ ಹೇಳುತ್ತಿದ್ದ. ವಿಶಾಖಾ ಮಂಚದ ಪಕ್ಕ ಕೂತು ಕೇಳುತ್ತಿದ್ದಳು. ಮೊದಲ ಕೆಲವು ದಿನ ಆ ಮಾತು ಅವಳಿಗೆ ಸಮಾಧಾನವನ್ನೇ ಕೊಟ್ಟಿತು. ಹೌದಪ್ಪ, ಜಾಸ್ತಿ ತುಂಬಿರಬೇಕು ಎಂದು ಅವಳೂ ನಂಬಿದಳು.

ಕೆಲಸಕ್ಕೆ ಮರಳಿದ ದಿನ ಪ್ಯಾಕ್ ಮಾಡುವವರು ಊಟಕ್ಕೆ ಹೋಗಿದ್ದರು. ಮುಂದಿನ ಕೋಣೆಯ ಮೇಜಿನ ಮೇಲೆ ಒಂದು ಕಟ್ಟು ಕಾಗದ ಬಿಚ್ಚಿ ಹರಡಿತ್ತು. ಎಲ್ಲದರ ಮೇಲೂ, ‘ತೂಗುಹಾಕಿ ನೋಡಿದೆ, ವಿಶಾಖಾ’. ಒಂದರಂತೆ ಇನ್ನೊಂದು, ಕೊನೆಯ ಖಾ ಅಕ್ಷರದ ಬಾಲ ಎಳೆದ ರೀತಿ ಕೂಡ ಒಂದೇ. ಅವಳು ಒಂದನ್ನು ಎತ್ತಿ ಹಿಂದೆ ತಡವಿದಳು. ಅವಳು ಪೆನ್ನನ್ನು ಒತ್ತಿ ಬರೆಯುವವಳು, ಅವಳ ಚೀಟಿಯ ಬೆನ್ನು ಬೆರಳಿಗೆ ತರಿತರಿಯಾಗಿ ಹತ್ತುತ್ತದೆ. ಇದು ನುಣ್ಣಗಿತ್ತು.

ಮಂಜುನಾಥನನ್ನು ಹಿಡಿದು ಕೇಳಿದಳು. ಅವನು ಮುಚ್ಚಿಡಲೂ ಇಲ್ಲ. ಹಳೇ ಗಿರಾಕಿಗಳು ಚೀಟಿ ಕೇಳ್ತಾರೆ, ಅದಕ್ಕೇ ಅಚ್ಚು ಹಾಕಿಸಿದ್ವಿ, ಎಲ್ಲಾ ಡೋಬೈರಿಗೂ ಈಗ ಅದು ಇರತ್ತೆ, ನಿಮ್ಮ ಹೆಸರು ಊರೆಲ್ಲ ಆಯ್ತಲ್ಲ ಅಕ್ಕಾ ಎಂದ. ಒಳಕೋಣೆಯಲ್ಲಿ ಅವಳಿಗೆ ಸಿಕ್ಕ ಆ ಒಂದು ಬ್ಯಾಗು ಅಂಗಡಿಯಿಂದ ವಾಪಸ್ ಬಂದ ಹೊಸ ಮಾಲು ಎಂದೂ ಹೇಳಿದ. ತಮ್ಮನ ಕೈ ಹೋಯಿತೆಂದು ಅವಳು ಕೂಗಾಡಿದಾಗ ಮಾತ್ರ ಅವನ ಬಾಯಲ್ಲಿದ್ದ ಬೆಣ್ಣೆ ಮಾಯವಾಯಿತು.

“ಬ್ಯಾಗ್ ನಾವು ಮಾರಿಲ್ಲ ಅಕ್ಕಾ, ನೀವಾಗೇ ತಗೊಂಡೋಗಿ ಕೊಟ್ಟಿದೀರಿ. ಒಳಗಿರೋ ಹೆಸರೂ ನಿಮ್ಮದೇ. ಹೊರಗಡೆ ಮಾತಾಡೋ ಮುಂಚೆ ಯೋಚನೆ ಮಾಡಿ.”

ಅವಳು ಮೆಷಿನ್ನಿನ ಮೇಲಿದ್ದ ತನ್ನ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು, ನಾಳೆಯಿಂದ ಬರೋದಿಲ್ಲ ಎಂದು ಹೇಳಿ ಮನೆಗೆ ಬಂದಳು. ಪೊಲೀಸರು ಹಿಂತಿರುಗಿಸಿದ್ದ ಬ್ಯಾಗು ಅವಳ ಮಂಚದ ಕೆಳಗೆ ಬಿದ್ದಿತ್ತು. ಎಳೆದು ಲೈನಿಂಗ್ ಮಗುಚಿದಳು. ಕಿತ್ತ ಬುಡದಲ್ಲಿ ಒಂಟಿ ದಾರದ ಒಂದೇ ಒಂದು ಗೆರೆ, ಅದರ ಕೆಳಗೆ ಒಣಗಿದ ಗೋಂದು. ಕಿತ್ತಿರದ ಇನ್ನೊಂದು ಬುಡವೂ ಹಾಗೇ. ಚೌಕವಿಲ್ಲ, ಅಡ್ಡಗೆರೆಯಿಲ್ಲ. ಇದನ್ನು ತಿಳಿಯಲು ತೂಗುಹಾಕುವುದೇ ಬೇಕಿರಲಿಲ್ಲ, ಲೈನಿಂಗ್ ಮಗುಚಿದ್ದರೆ ಅವಳ ಹೆಬ್ಬೆರಳು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುತ್ತಿತ್ತು. ಅವಳು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು, ಪಕ್ಕದ ಕೋಣೆಯಲ್ಲಿ ಪ್ರಸನ್ನ ಮಲಗಿದ್ದ.

ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮಂಜುನಾಥನಂತೂ ಬಾಯಿ ಬಿಡುವುದಿಲ್ಲ. ಕೆಲಸ ಯಾಕೆ ಬಿಟ್ರಿ ಎಂದು ಬಿಂದು ಕೇಳಿದ್ದಕ್ಕೆ, ಇವನನ್ನ ನೋಡ್ಕೊಳ್ಳೋರು ಬೇಡ್ವಾ ಎಂದು ಹಾರಿಸಿದಳು. ಹೇಳಿದರೆ ಅವನ ತಲೆಯ ಮೇಲಿನ ತಪ್ಪು ಇಳಿಯುತ್ತದೆ, ಅದು ಅವಳಿಗೆ ಗೊತ್ತಿತ್ತು. ಆದರೆ ಆಮೇಲೆ ಅವನು ಅಕ್ಕಾ ಎಂದು ಕರೆದು ಯಾವುದಕ್ಕೂ ಕೇಳುವುದಿಲ್ಲ, ಅದೂ ಗೊತ್ತಿತ್ತು. ಇವತ್ತು ಹೇಳೋಣ, ಬ್ಯಾಂಡೇಜು ಬಿಚ್ಚಲಿ, ಜ್ವರ ಇಳಿಯಲಿ ಎಂದು ದಿನ ತಳ್ಳಿದಳು. ಅವನು ದಿನೇದಿನೇ ಕುಗ್ಗಿದ. ಒಂದು ಬ್ಯಾಟರಿ ಮನೇಲೇ ಬಿಟ್ಟಿದ್ರೆ ಆಗ್ತಿತ್ತು, ದೊಡ್ಡ ಲೆನ್ಸ್ ಬೇಕಾಗಿರಲಿಲ್ಲ ಎಂದು ಗೋಡೆಯ ಕಡೆ ತಿರುಗಿ ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿದ್ದ. ಅದನ್ನು ಕೇಳುತ್ತಲೇ ಅವಳು ಗಂಜಿ ಕಲಸಿ ತಿನ್ನಿಸುತ್ತಿದ್ದಳು.

ಒಂದು ಭಾನುವಾರ ಸಂಜೆ ಅವನೇ ಎದ್ದು ಕೂತ. ಜಿಪ್ಪು ಹೋದ ತನ್ನ ಹಳೆಯ ಬ್ಯಾಗನ್ನು ಅಟ್ಟದಿಂದ ಇಳಿಸು ಎಂದ. ಆ ಬೆಳಿಗ್ಗೆ ತುಂಬಿದ್ದಷ್ಟನ್ನೇ ಅದಕ್ಕೆ ತುಂಬಿ ಬಾಗಿಲಿನ ಮೇಲಿನ ಕೊಕ್ಕೆಗೆ ತೂಗುಹಾಕು ಎಂದ. ಎಷ್ಟು ಜಾಸ್ತಿಯಾಗಿತ್ತು ಎಂದು ಅವನಿಗೆ ಕಣ್ಣಾರೆ ನೋಡಬೇಕಿತ್ತು. ಬೇಡ ಕಣೋ ಎಂದರೆ ಕೇಳಲಿಲ್ಲ. ಒಡೆದ ಕ್ಯಾಮೆರಾ, ಒಡೆಯದ ಕ್ಯಾಮೆರಾ, ಫ್ಲ್ಯಾಶು, ಬ್ಯಾಟರಿ, ಒಂದೊಂದನ್ನೂ ಅವನು ಹೇಳಿದ, ಅವಳು ಇಟ್ಟಳು. ಸಾಲದೆಂದು ಅಕ್ಕಿಯ ಚೀಲವನ್ನೂ ಇಡಿಸಿದ. ಕೊಕ್ಕೆಗೆ ಹಾಕಿ ಕೈ ಬಿಟ್ಟಳು. ಬ್ಯಾಗು ಒಮ್ಮೆ ತೂಗಾಡಿ ನಿಂತಿತು. ಇಬ್ಬರೂ ಅದನ್ನೇ ನೋಡುತ್ತ ಕೂತರು. ಬಿಂದು ದೀಪ ಹಾಕಿ ಅಡುಗೆಮನೆಗೆ ಹೋದಳು. ಬ್ಯಾಗು ಹಾಗೇ ಇತ್ತು, ಪಟ್ಟಿಯ ಬುಡದಲ್ಲಿ ಒಂದೆಳೆ ಮಿಸುಕಿರಲಿಲ್ಲ.

“ಇದು ತಡೀತಿದೆಯಲ್ಲ ಅಕ್ಕ,” ಎಂದ ಪ್ರಸನ್ನ.

ಇನ್ನು ತಳ್ಳುವುದಕ್ಕೆ ದಿನ ಉಳಿದಿರಲಿಲ್ಲ. ಅವಳು ಎದ್ದು ಬ್ಯಾಗಿನ ಹತ್ತಿರ ನಿಂತು ಎಲ್ಲ ಹೇಳಿದಳು: ಬಿಳಿ ಹಾಳೆಯ ಮೇಲೆ ಬರೆದುಕೊಟ್ಟದ್ದು, ಅಚ್ಚಾದ ಚೀಟಿ, ವಾಪಸ್ ಬಂದ ಮಾಲು, ಒಂಟಿ ದಾರ. ನೀನು ಜಾಸ್ತಿ ತುಂಬಿರಲಿಲ್ಲ, ನಿಂದೇನೂ ತಪ್ಪಿಲ್ಲ ಎಂದಳು. ಅವನು ಕಂಪನಿಯವರನ್ನು ಬೈಯುತ್ತಾನೆ, ಮಂಜುನಾಥನ ಮನೆ ಹಾಳಾಗಲಿ ಎನ್ನುತ್ತಾನೆ ಎಂದು ಎಲ್ಲೋ ಆಸೆಯಿತ್ತು. ಅವನು ಬೈಯಲಿಲ್ಲ.

“ಒಳಗೆ ಹೊಲಿಗೆ ನೋಡಿದ್ರೆ ನಿಂಗೆ ಗೊತ್ತಾಗ್ತಿತ್ತಾ?”

“ಗೊತ್ತಾಗ್ತಿತ್ತು.”

“ನೋಡ್ಲಿಲ್ವಾ?”

“ನನ್ನ ಹೆಸರು ಇತ್ತಲ್ಲೋ,” ಎಂದಳು ವಿಶಾಖಾ.

ಅವನು ತನ್ನ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಮಡಿಲಿಗೆ ಇಟ್ಟುಕೊಂಡ.

“ನಿನ್ನ ಹೆಸರು ನನಗೆ ಸಾಕಾಗಿತ್ತು ಅಕ್ಕ. ನಿನಗೂ ಅಷ್ಟೇ ಸಾಕಾಗ್ಬಿಡ್ತಾ?”

ಅವನು ಅಡುಗೆಮನೆಯ ಕಡೆ ತಿರುಗಿ, ಬಿಂದು, ಇಲ್ಲಿ ಬಂದು ಈ ಬ್ಯಾಗು ಇಳಿಸು ಎಂದು ಕರೆದ. ವಿಶಾಖಾ ಕೊಕ್ಕೆಯ ಕೆಳಗೇ ನಿಂತಿದ್ದಳು, ಕೈ ಎತ್ತಿದ್ದರೆ ಸಾಕಿತ್ತು. ಬಿಂದು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು, ಸ್ಟೂಲು ಹಾಕಿಕೊಂಡು, ಅದನ್ನು ಇಳಿಸಿದಳು.